ಐಯುಕ್ಲಿಡ್ 6: ಸಾಫ್ಟ್‌ವೇರ್ ಪಾಸ್ ಮಾಡಿದ ಫೈಲೂ ವಾಪಸ್ ಬರುತ್ತೆ

ಒಂದು ರಾಸಾಯನಿಕ ಯುರೋಪಿಗೆ ವರ್ಷಕ್ಕೆ 1 ಟನ್ ಅಥವಾ ಅದಕ್ಕಿಂತ ಹೆಚ್ಚು ಹೋಗುತ್ತಿದ್ದರೆ, ವಿನಾಯಿತಿ ಇಲ್ಲದ ಹೊರತು ರೀಚ್ (ಯುರೋಪಿಯನ್ ಒಕ್ಕೂಟದ ರಾಸಾಯನಿಕ ಕಾಯ್ದೆ) ನೋಂದಣಿ ಬೇಕೇ ಬೇಕು. ಅದರ ಫೈಲು ಕಟ್ಟುವ ಸಾಫ್ಟ್‌ವೇರೇ ಐಯುಕ್ಲಿಡ್ 6. ಹೆಲ್ಸಿಂಕಿಯ ಯುರೋಪಿಯನ್ ಕೆಮಿಕಲ್ಸ್ ಏಜೆನ್ಸಿ, ಅಂದರೆ ಎಕಾ, ಇದನ್ನು ಬಿಟ್ಟಿಯಾಗಿ ಕೊಡುತ್ತದೆ. ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು, ಎಕಾದ ಕ್ಲೌಡ್‌ನಲ್ಲೂ ಬಳಸಬಹುದು.

ಪೀಣ್ಯದಲ್ಲೋ ಬೀದರಿನ ಕೊಳಾರದಲ್ಲೋ ಕೂತು ಮಾಹಿತಿ ತುಂಬಲು ಅಡ್ಡಿಯಿಲ್ಲ. ಆದರೆ ಸಲ್ಲಿಸುವವರು ಯುರೋಪಿನ ಆಮದುದಾರರೋ ಹೊರಗಿನ ತಯಾರಕರ ಪರವಾಗಿ ಅಲ್ಲಿರುವ ಅಧಿಕೃತ ಪ್ರತಿನಿಧಿ, ಅಂದರೆ ಓನ್ಲಿ ರೆಪ್ರೆಸೆಂಟೆಟಿವೋ (ಓಆರ್) ಆಗಿರಬೇಕು. ಓಆರ್ ನೇಮಿಸುವ ಹಕ್ಕು ತಯಾರಕರಿಗೆ ಇದೆ. ಬರೀ ಕೊಂಡು ಮಾರುವ ಟ್ರೇಡರ್‌ಗಳಿಗೆ ಇಲ್ಲ.

ಇಡೀ ಸಾಫ್ಟ್‌ವೇರಿನಲ್ಲಿ ತಲೆನೋವಿನ ಜಾಗ ಸೆಕ್ಷನ್ 1.2, ವಸ್ತುವಿನ ಸಂಯೋಜನೆ. ನಮ್ಮ ಸಿಒಎಗಳಲ್ಲಿ (ಸರಕಿನ ಜೊತೆ ಕೊಡುವ ಪರೀಕ್ಷಾ ಪ್ರಮಾಣಪತ್ರ) ‘ಅಸ್ಸೇ 98% ಮಿನಿಮಮ್’, ಅಂದರೆ ಶುದ್ಧತೆ ಕನಿಷ್ಠ 98%, ಅಂತ ಒಂದೇ ಸಾಲು ಇರುತ್ತದೆ. ಇಲ್ಲಿ ಅದು ಸಾಲದು. ಮುಖ್ಯ ವಸ್ತು ಸಾಮಾನ್ಯವಾಗಿ 98.6%, ವ್ಯಾಪ್ತಿ 98ರಿಂದ 99.5, ಒಂದು ಕಲ್ಮಶ 0.9%, ವ್ಯಾಪ್ತಿ 0ಯಿಂದ 1.5, ಇನ್ನೊಂದು ಕಲ್ಮಶ 0.5%, ವ್ಯಾಪ್ತಿ 0ಯಿಂದ 0.8. ಹೀಗೆ ಬಿಡಿಸಿ ಬರೆದು ಮೊತ್ತ 100ಕ್ಕೆ ಕೂಡಬೇಕು. 1% ಮುಟ್ಟುವ ಕಲ್ಮಶಕ್ಕೆಲ್ಲ ಹೆಸರು ಬೇಕು. ಅಪಾಯದ ವರ್ಗೀಕರಣ ಬದಲಿಸುವಂಥದ್ದಾದರೆ ಅದಕ್ಕಿಂತ ಕಡಿಮೆಯಿದ್ದರೂ ಬೇಕು. ಮುಖ್ಯ ವಸ್ತು 80%ಕ್ಕಿಂತ ಕೆಳಗಿಳಿದರೆ ಏಕಘಟಕ (ಒಂದೇ ಮುಖ್ಯ ವಸ್ತುವಿನದ್ದು) ಎನ್ನುವ ಹಣೆಪಟ್ಟಿಯೇ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ದ್ರಾವಣ ಮಾರುವವರು ಎಡವುವುದೂ ಇಲ್ಲೇ. ನೀರು ತೆಗೆದರೂ ವಸ್ತು ಕೆಡುವುದಿಲ್ಲ, ಬದಲಾಗುವುದಿಲ್ಲ ಎಂದಾದರೆ ನೀರನ್ನು ಲೆಕ್ಕಕ್ಕೇ ಹಿಡಿಯಬಾರದು. 30% ದ್ರಾವಣ 3 ಟನ್ ಕಳಿಸಿದರೆ ವಸ್ತು 900 ಕೆಜಿ. ವರ್ಷಕ್ಕೆ ಅಷ್ಟೇ ಹೋಗುವುದಾದರೆ ನೋಂದಣಿಯೇ ಬೇಡ. 3.5 ಟನ್ ಕಳಿಸಿದರೆ 1,050 ಕೆಜಿ, ಬೇಕು. ಡ್ರಮ್ಮಿನ ತೂಕ ನೋಡಿ ಗಾಬರಿಯಾಗಿ ಕನ್ಸಲ್ಟೆಂಟ್‌ಗೆ ದುಡ್ಡು ಸುರಿಯುವ ಮೊದಲು ಈ ಗುಣಾಕಾರ ಮಾಡಿ.

ಸೆಕ್ಷನ್ 1.4ಕ್ಕೆ ವಸ್ತು ಯಾವುದು, ಎಷ್ಟು ಶುದ್ಧ ಎಂದು ತೋರಿಸುವ ಲ್ಯಾಬ್ ಪರೀಕ್ಷೆಗಳಾದ ಐಆರ್, ಎನ್‌ಎಂಆರ್, ಎಚ್‌ಪಿಎಲ್‌ಸಿ ಅಥವಾ ಜಿಸಿಯ ವರದಿಗಳು. ಗ್ರಾಫಿನ ಫೋಟೋ ಒಂದನ್ನೇ ಹಾಕಿದರೆ ಪ್ರಶ್ನೆ ಬರುವುದು ಖಂಡಿತ. ವಿಧಾನದ ವಿವರ, ಪೀಕ್ ಟೇಬಲ್, ಯಾವ ಪೀಕ್ ಯಾವುದರದ್ದು ಎಂಬ ಗುರುತು ಜೊತೆಗಿರಲಿ. ಲ್ಯಾಬಿಗೆ ಸ್ಯಾಂಪಲ್ ಕೊಡುವಾಗಲೇ ಇದನ್ನು ಕೇಳಿಬಿಡಿ, ಆಮೇಲೆ ಗೋಗರೆಯಬೇಕಾಗುತ್ತದೆ.

ಫೈಲು ತಪಾಸಣೆ ಮಾಡುವ ವ್ಯಾಲಿಡೇಷನ್ ಅಸಿಸ್ಟೆಂಟ್ ಈ ಸಾಫ್ಟ್‌ವೇರಿನ ಅತ್ಯುತ್ತಮ ಭಾಗ. ಖಾಲಿ ಬಿಟ್ಟ ಖಾನೆ ಎಲ್ಲಿದೆ ಅಂತ ನೇರ ತೋರಿಸುತ್ತದೆ. ಮೊದಲು ಸರಿಯಾದ ಡಾಸಿಯರ್ (ಸಲ್ಲಿಸುವ ಫೈಲು) ಬಗೆ ಆರಿಸಿರಬೇಕು ಅಷ್ಟೆ: ಒಂದೇ ವಸ್ತುವಿಗೆ ಹಲವು ಕಂಪನಿಗಳು ಸೇರಿ ಮಾಡುವ ಜಂಟಿ ಸಲ್ಲಿಕೆಯ ಸದಸ್ಯರು ಮರೆತು ಲೀಡ್ (ಮುಂದಾಳು ಕಂಪನಿ) ಬಗೆ ಆರಿಸಿದರೆ, ಲೀಡ್ ತುಂಬುವ ಟಾಕ್ಸಿಕಾಲಜಿ (ವಿಷಗುಣದ ಮಾಹಿತಿ) ಖಾಲಿಯಿದೆ ಅಂತ ಪುಟಗಟ್ಟಲೆ ತಪ್ಪು ಉದುರುತ್ತದೆ. ಆದರೆ ಇದು ಖಾನೆ ತುಂಬಿದೆಯೇ ಎಂದು ನೋಡುತ್ತದೆಯೇ ಹೊರತು ಬರೆದದ್ದಕ್ಕೆ ಅರ್ಥವಿದೆಯೇ ಎಂದಲ್ಲ. 2016ರಿಂದ ಎಕಾ ಸಿಬ್ಬಂದಿ ಕೆಲವು ಭಾಗಗಳನ್ನು ಕಣ್ಣಾರೆ ಓದುತ್ತಾರೆ. ‘ಅನ್ವಯಿಸುವುದಿಲ್ಲ’ ಅಂತ ತುಂಬಿದ ಖಾನೆ ಸಾಫ್ಟ್‌ವೇರನ್ನು ದಾಟಿ ಅವರ ಕೈಯಲ್ಲಿ ಸಿಕ್ಕಿಬೀಳುತ್ತದೆ. ತಿದ್ದಲು ಗಡುವು ಕೊಡುತ್ತಾರೆ. ಅದರೊಳಗೂ ಸರಿಹೋಗದಿದ್ದರೆ ಅರ್ಜಿ ತಿರಸ್ಕೃತ, ಕಟ್ಟಿದ ಶುಲ್ಕ ವಾಪಸಿಲ್ಲ.

ಕಿರಿಕಿರಿ ಮಾಡುವುದು ಆವೃತ್ತಿಗಳ ಬದಲಾವಣೆ. ಓಆರ್ ಹೊಸ ಆವೃತ್ತಿಯಲ್ಲಿ ಮಾಡಿ ಕಳಿಸಿದ .ಐ6ಝಡ್ (ಐಯುಕ್ಲಿಡ್‌ನದೇ ಬಗೆಯ) ಫೈಲು ನಿಮ್ಮ ಹಳೆಯದರಲ್ಲಿ ತೆರೆಯುವುದಿಲ್ಲ. ಅಪ್‌ಡೇಟ್ ಮಾಡುವ ಮುಂಚೆ ಬ್ಯಾಕಪ್ ತೆಗೆದಿಡಿ.

ಒಟ್ಟಾರೆ ಐದಕ್ಕೆ ನಾಲ್ಕು ಅಂಕ. ಬಳಸದೆ ಎಲ್ಲವನ್ನೂ ಓಆರ್ ತಲೆಗೆ ಕಟ್ಟುವವರೂ ಇದನ್ನು ಹಾಕಿಸಿಕೊಂಡಿರುವುದು ಒಳ್ಳೆಯದು. ನೋಂದಣಿ ಇರುವುದು ಓಆರ್ ಹೆಸರಿನಲ್ಲಿ. ನಾಳೆ ಓಆರ್ ಬದಲಿಸಬೇಕಾದರೆ ಹಳಬರ ಒಪ್ಪಿಗೆ ಬೇಕು. ಪ್ರತಿ ಸಲ್ಲಿಕೆಯ .ಐ6ಝಡ್ ಪ್ರತಿ ನಮಗೆ ಕೊಡಬೇಕು, ಕೇಳಿದಾಗ ನೋಂದಣಿ ವರ್ಗಾಯಿಸಬೇಕು ಎಂಬ ಎರಡು ಸಾಲು ಕರಾರಿನಲ್ಲಿ ಸಹಿಗೆ ಮುಂಚೆಯೇ ಸೇರಿಸಿ.