ಆರ್‌ವಿ ಕೊಳ್ಳುವಾಗ ಆಮೇಲೆ ಬದಲಿಸಲಾಗದ್ದನ್ನು ಮೊದಲು ನೋಡಿ: ನಮ್ಮ ಕ್ಲಾಸ್ ಸಿ ಗಾಡಿಯ ಅನುಭವ

ನಾವು ಟೆಕ್ಸಾಸ್‌ನ ಆಸ್ಟಿನ್ ಊರಾಚೆ ಇರುವವರು. 2019ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಲಾಸ್ ಸಿ ಮೋಟರ್‌ಹೋಮ್ ಕೊಂಡೆವು, ಅಂದರೆ ವ್ಯಾನಿನ ಚಾಸಿ ಮೇಲೆ ಪುಟ್ಟ ಮನೆ ಕಟ್ಟಿದ, ಡ್ರೈವರ್ ತಲೆ ಮೇಲೂ ಅಟ್ಟ ಇರುವ ಆರ್‌ವಿ. 2016ರ ಮಾಡೆಲ್, 24 ಅಡಿ ಉದ್ದ, ಫೋರ್ಡ್ ಇ-450 ಚಾಸಿ, 6.8 ಲೀಟರಿನ ವಿ10 ಎಂಜಿನ್. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಜೊತೆಗೆ ದಾವಣಗೆರೆಯಿಂದ ಬಂದು ಕೆಲವು ತಿಂಗಳು ಇದ್ದು ಹೋಗುವ ಅತ್ತೆ ಮಾವ. ಇವತ್ತಿಗೂ ಅದೇ ಗಾಡಿ. "ನಾವೂ ಒಂದು ತಗೋಬೇಕು ಅಂತಿದ್ದೀವಿ, ಏನೇನು ಇರಲೇಬೇಕು ಹೇಳಿ" ಅಂತ ಕನ್ನಡ ಕೂಟದಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಅದಕ್ಕೇ ಒಂದೇ ಸಲ ಕೂತು ಬರೆಯುತ್ತಿದ್ದೇನೆ. ಮನೆ ಭಾಗ ಕಟ್ಟಿದ ಕಂಪನಿಯ ಹೆಸರು ಹಾಕಿಲ್ಲ, ಇಲ್ಲಿ ಹೇಳುವುದು ಯಾವ ಕಂಪನಿಯ ಗಾಡಿಗೂ ಹೊಂದುತ್ತದೆ.

ಗಾಡಿ ನೋಡಲು ಹೋದಾಗ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಟಿವಿ, ಬಣ್ಣದ ಎಲ್‌ಇಡಿ ದೀಪ, ಹೊರಗಿನ ಸ್ಪೀಕರ್, ಮೆತ್ತನೆ ಸೋಫಾ. ಇದೆಲ್ಲ ಆಮೇಲೆ ಹಾಕಿಸಿಕೊಳ್ಳಬಹುದು. ಸೋಲಾರ್ ಹಾಕಿಸಬಹುದು, ಬ್ಯಾಟರಿ ಬದಲಿಸಬಹುದು, ಫ್ರಿಜ್ ಕೂಡ ಬದಲಿಸಬಹುದು. ಆದರೆ ಗಾಡಿಯ ಉದ್ದ, ಚಾಸಿ ಹೊರುವ ತೂಕ, ನೀರಿನ ಟ್ಯಾಂಕಿನ ಅಳತೆ, ಹಾಸಿಗೆ ಇರುವ ಜಾಗ, ಸೀಟ್ ಬೆಲ್ಟ್ ಎಷ್ಟಿವೆ ಅನ್ನುವುದು, ಇವು ಕೊಂಡ ದಿನ ಹೇಗಿದ್ದವೋ ಮಾರುವ ದಿನವೂ ಹಾಗೇ ಇರುತ್ತವೆ. ನನ್ನ ಪಟ್ಟಿಯಲ್ಲಿ "ಇರಲೇಬೇಕು" ಅನ್ನುವುದೆಲ್ಲ ಈ ಎರಡನೇ ಗುಂಪಿನದು.

ನೀರಿನಿಂದ ಶುರು ಮಾಡುತ್ತೇನೆ, ನಮ್ಮ ಮಂದಿಗೆ ಇದೇ ಮೊದಲ ಪ್ರಶ್ನೆ ಆಗಬೇಕು. ಗಾಡಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಳ್ಳೆ ನೀರಿನದು, ಸಿಂಕ್ ಮತ್ತು ಸ್ನಾನದ ನೀರು ಸೇರುವ ಗ್ರೇ ಟ್ಯಾಂಕ್, ಟಾಯ್ಲೆಟ್‌ನ ಬ್ಲ್ಯಾಕ್ ಟ್ಯಾಂಕ್. ನಮ್ಮದರಲ್ಲಿ ಒಳ್ಳೆ ನೀರು ಸುಮಾರು 40 ಗ್ಯಾಲನ್, ಅಂದರೆ 150 ಲೀಟರ್. ಬೆಂಗಳೂರಿನಲ್ಲಿ ನೀರಿಲ್ಲದ ದಿನ ನಾಲ್ಕು ಬಕೆಟ್‌ನಲ್ಲಿ ಮನೆ ನಡೆಸಿದವರಿಗೆ ಇದು ಜಾಸ್ತಿ ಅನ್ನಿಸಬಹುದು, ಆದರೆ ಮಕ್ಕಳು ಷವರ್ ಕೆಳಗೆ ನಿಂತು ಹಾಡಲು ಶುರು ಮಾಡಿದರೆ ಎರಡೇ ದಿನಕ್ಕೆ ಖಾಲಿ. ಅದಕ್ಕಿಂತ ಮುಖ್ಯ ಗ್ರೇ ಟ್ಯಾಂಕ್. ಒಳ್ಳೆ ನೀರು ಮುಗಿಯುವ ಮೊದಲೇ ಅದು ತುಂಬಿಕೊಳ್ಳುತ್ತದೆ, ಯಾಕೆಂದರೆ ನಾವು ಅಕ್ಕಿ ತೊಳೆಯುತ್ತೇವೆ, ಬೇಳೆ ತೊಳೆಯುತ್ತೇವೆ, ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತೇವೆ, ಎಣ್ಣೆ ಹತ್ತಿದ ಬಾಣಲೆ ತೊಳೆಯುತ್ತೇವೆ. ಗ್ರೇ ತುಂಬಿದರೆ ಸ್ನಾನದ ತೊಟ್ಟಿಯಲ್ಲೇ ನೀರು ಮೇಲೆ ಬರುತ್ತದೆ. ಆಮೇಲೆ ಕೊಳಕು ನೀರು ಖಾಲಿ ಮಾಡುವ ಡಂಪ್ ಸ್ಟೇಷನ್ ಹುಡುಕಿಕೊಂಡು ಹೋಗಲೇಬೇಕು. ಹಾಗಾಗಿ ಬ್ರೋಷರ್‌ನಲ್ಲಿ ಮೂರೂ ಅಂಕಿ ನೋಡಿ. ಗ್ರೇ ಟ್ಯಾಂಕ್ ಒಳ್ಳೆ ನೀರಿನ ಟ್ಯಾಂಕಿಗಿಂತ ತೀರಾ ಚಿಕ್ಕದಿದ್ದರೆ ನಾಲ್ಕು ಜನರ ಕುಟುಂಬಕ್ಕೆ ಅದು ಬೇಡ. ಟಾಯ್ಲೆಟ್‌ಗೆ ಕೈಯಲ್ಲಿ ಹಿಡಿಯುವ ಸ್ಪ್ರೇ ಹಾಕಿಸಿಕೊಂಡೆವು. ಅತ್ತೆಯವರಿಗೆ ಅದಿಲ್ಲದೆ ಆಗುತ್ತಲೇ ಇರಲಿಲ್ಲ. ಅದಕ್ಕೆ ಹೋಗುವ ನೀರು ದಂಡ ಅಲ್ಲ, ಬ್ಲ್ಯಾಕ್ ಟ್ಯಾಂಕ್‌ಗೆ ನೀರು ಸಾಕಷ್ಟು ಹೋದರೇನೇ ಅದು ಕಟ್ಟಿಕೊಳ್ಳದೆ ಸಲೀಸಾಗಿ ಖಾಲಿಯಾಗುತ್ತದೆ.

ನೀರಿನ ಜೊತೆಗೇ ತೂಕ ಬರುತ್ತದೆ. 40 ಗ್ಯಾಲನ್ ನೀರು ಅಂದರೆ ಸುಮಾರು 330 ಪೌಂಡ್, 150 ಕೆಜಿ. ಗಾಡಿಯ ಬಾಗಿಲ ಹತ್ತಿರ ಒಂದು ಹಳದಿ ಸ್ಟಿಕ್ಕರ್ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದು ಅಂತ ಅದರಲ್ಲಿ ಬರೆದಿರುತ್ತಾರೆ. ಆ ಲೆಕ್ಕದೊಳಗೆ ನೀರೂ ಸೇರಿದೆ. ಕೆಲವು ಗಾಡಿಗಳಲ್ಲಿ ಆ ಅಂಕಿ 1,000 ಪೌಂಡ್ ಸುತ್ತಮುತ್ತ ಇರುತ್ತದೆ. ನೀರು ತುಂಬಿಸಿ ಐದಾರು ಜನ ಹತ್ತಿದರೆ ಅಲ್ಲಿಗೇ ಮುಗಿಯಿತು, ಅಕ್ಕಿ ಮೂಟೆಗೆ ಜಾಗವಿಲ್ಲ! ದೊಡ್ಡ ಗಾಡಿ ಅಂದರೆ ಜಾಸ್ತಿ ಹೊರುತ್ತದೆ ಅಂದುಕೊಳ್ಳಬೇಡಿ. ಇ-450 ಚಾಸಿಯ ಒಟ್ಟು ಮಿತಿ 14,500 ಪೌಂಡ್. ಅದೇ ಚಾಸಿ ಮೇಲೆ 24 ಅಡಿಯದ್ದನ್ನೂ ಕಟ್ಟುತ್ತಾರೆ, 32 ಅಡಿಯದ್ದನ್ನೂ ಕಟ್ಟುತ್ತಾರೆ. ಉದ್ದ ಹೆಚ್ಚಾದಂತೆ ಮನೆಯ ತೂಕವೇ ಮಿತಿಯನ್ನು ನುಂಗುತ್ತದೆ. ಜೊತೆಗೆ ಹಿಂದಿನ ಚಕ್ರದ ಆಚೆ ಚಾಚಿಕೊಂಡ ಭಾಗ ಉದ್ದವಾದಷ್ಟೂ ಗಾಳಿಗೆ ಗಾಡಿ ಅಲ್ಲಾಡುತ್ತದೆ, ತಿರುವಿನಲ್ಲಿ ಬಾಲ ಹೊರಗೆ ಬೀಸುತ್ತದೆ. ಪಶ್ಚಿಮ ಟೆಕ್ಸಾಸ್‌ನ ಗಾಳಿಯಲ್ಲಿ ಓಡಿಸಿದವರಿಗೆ ಇದು ಗೊತ್ತು. ಎಲ್ಲ ತುಂಬಿಕೊಂಡ ಮೇಲೆ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ತೂಕ ಹಾಕಿಸಿ. ಮುಂದಿನ ಆಕ್ಸಲ್ ಎಷ್ಟು, ಹಿಂದಿನದು ಎಷ್ಟು ಅಂತ ಚೀಟಿ ಕೊಡುತ್ತಾರೆ. ನಾವು ಅತ್ತೆ ಮಾವ ಬಂದಾಗ ನೀರನ್ನು ಅರ್ಧ ಮಾತ್ರ ತುಂಬಿಸಿಕೊಂಡು ಹೊರಡುತ್ತೇವೆ, ಕ್ಯಾಂಪ್‌ಗ್ರೌಂಡ್ ಹತ್ತಿರ ಬಂದಮೇಲೆ ಪೂರ್ತಿ ಮಾಡುತ್ತೇವೆ.

ಉದ್ದದ ಬಗ್ಗೆ ಇನ್ನೊಂದು ಮಾತು. ನೀವು ಹೋಗಬೇಕೆಂದಿರುವ ಜಾಗದ ನಿಯಮವನ್ನು ಮೊದಲು ಓದಿ, ಆಮೇಲೆ ಗಾಡಿ ಆರಿಸಿ. ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ನ ಚಿಸೋಸ್ ಬೇಸಿನ್ ರಸ್ತೆಗೆ 24 ಅಡಿಗಿಂತ ಉದ್ದದ ಆರ್‌ವಿ ತರಬೇಡಿ ಅಂತ ಪಾರ್ಕ್‌ನವರೇ ಹೇಳುತ್ತಾರೆ. ನಾವು 24ಕ್ಕೆ ನಿಲ್ಲಿಸಿದ್ದಕ್ಕೆ ಇದೇ ಕಾರಣ. ಗ್ಲೇಸಿಯರ್ ಪಾರ್ಕ್‌ನ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿ ಉದ್ದ, 8 ಅಡಿ ಅಗಲ ದಾಟಿದ್ದನ್ನು ಬಿಡುವುದೇ ಇಲ್ಲ. ಅಲ್ಲಿ ನಮ್ಮದೂ ಹೋಗದು, ಗಾಡಿಯನ್ನು ಕ್ಯಾಂಪ್‌ಗ್ರೌಂಡ್‌ನಲ್ಲಿ ಬಿಟ್ಟು ಬಸ್ ಹಿಡಿಯಬೇಕು. ಇನ್ನು ಮನೆ ಹತ್ತಿರದ ವಿಷಯ. ನಮಗೆ ಪಕ್ಕದಲ್ಲಿ ಖಾಲಿ ಜಾಗವಿದೆ, ಎಚ್‌ಒಎ (ಬಡಾವಣೆಗೆ ನಿಯಮ ಮಾಡುವ ಮನೆ ಮಾಲೀಕರ ಸಂಘ) ಇಲ್ಲ. ನಿಮ್ಮ ಬಡಾವಣೆಯಲ್ಲಿ ಎಚ್‌ಒಎ ಇದ್ದರೆ ಆರ್‌ವಿ ನಿಲ್ಲಿಸಲು ಬಿಡುತ್ತಾರಾ ಅಂತ ಮೊದಲೇ ಕೇಳಿ, ಇಲ್ಲವಾದರೆ ತಿಂಗಳು ತಿಂಗಳು ಸ್ಟೋರೇಜ್ ಬಾಡಿಗೆ. ಲೈಸೆನ್ಸ್ ಬಗ್ಗೆ ಹೆದರಬೇಡಿ, ಟೆಕ್ಸಾಸ್‌ನಲ್ಲಿ 26,000 ಪೌಂಡ್‌ವರೆಗೆ ಕಾರಿನ ಲೈಸೆನ್ಸೇ ಸಾಕು.

ಮಲಗುವ ಜಾಗ. ಆರ್‌ವಿ ಕ್ವೀನ್ ಅಂತ ಬರೆದಿರುವ ಹಾಸಿಗೆ ಮನೆಯ ಕ್ವೀನ್ ಅಲ್ಲ. ಮನೆಯದು 80 ಇಂಚು ಉದ್ದ, ಇದು ಸಾಮಾನ್ಯವಾಗಿ 74 ಅಥವಾ 75. ನಮ್ಮ ಮನೆಯವರು ಆರಡಿ, ಅಂದರೆ 72 ಇಂಚು, ದಿಂಬು ಸರಿಯುವುದಕ್ಕೂ ಜಾಗ ಉಳಿಯುವುದಿಲ್ಲ. ಕೊಳ್ಳುವ ಮೊದಲು ಎಲ್ಲರೂ ಅವರವರ ಜಾಗದಲ್ಲಿ ಮಲಗಿ ನೋಡಿ, ನಾಚಿಕೊಳ್ಳಬೇಡಿ. ಹಿಂದಿನ ಮೂಲೆಗೆ ಅಂಟಿಸಿದ ಹಾಸಿಗೆಯಾದರೆ ಒಳಗೆ ಮಲಗಿದವರು ಹೊರಗಿನವರನ್ನು ದಾಟಿಕೊಂಡೇ ಏಳಬೇಕು. ರಾತ್ರಿ ಎದ್ದೇಳುವ ಹಿರಿಯರಿಗೆ ಇದು ನಿಜವಾದ ಕಷ್ಟ. ನಮ್ಮದರಲ್ಲಿ ಎರಡೂ ಕಡೆಯಿಂದ ಇಳಿಯಬಹುದು, ಹಾಗಾಗಿ ಅದು ಅತ್ತೆ ಮಾವನಿಗೆ. ಮಕ್ಕಳು ಡ್ರೈವರ್ ತಲೆ ಮೇಲಿನ ಅಟ್ಟದಲ್ಲಿ. ನಾವಿಬ್ಬರೂ ಊಟದ ಮೇಜನ್ನು ಇಳಿಸಿ ಅಲ್ಲೇ. ಮಂಡಿ ನೋವಿರುವವರು ಏಣಿ ಹತ್ತಿ ಅಟ್ಟದಲ್ಲಿ ಮಲಗುತ್ತಾರೆ ಅಂತ ಲೆಕ್ಕ ಹಾಕಬೇಡಿ. "ಆರು ಜನ ಮಲಗಬಹುದು" ಅನ್ನುವುದಕ್ಕೂ ಆರು ಜನ ಕೂತು ಹೋಗಬಹುದು ಅನ್ನುವುದಕ್ಕೂ ವ್ಯತ್ಯಾಸವಿದೆ, ಸೀಟ್ ಬೆಲ್ಟ್ ಎಣಿಸಿ. ಪಕ್ಕಕ್ಕೆ ಮುಖ ಮಾಡಿದ ಸೋಫಾದಲ್ಲಿ ಬೆಲ್ಟ್ ಇದ್ದರೂ ಅಲ್ಲಿ ಮಗುವಿನ ಸೀಟ್ ಕಟ್ಟುವಂತಿಲ್ಲ.

ಸ್ಲೈಡ್‌ಔಟ್, ಅಂದರೆ ನಿಲ್ಲಿಸಿದಾಗ ಗೋಡೆಯ ಒಂದು ಭಾಗ ಹೊರಗೆ ಸರಿಯುವ ವ್ಯವಸ್ಥೆ, ಇದ್ದರೆ ಒಳಗೆ ಜಾಗ ಚೆನ್ನಾಗಿ ಸಿಗುತ್ತದೆ, ನಿಜ. ಆದರೆ ಸ್ಲೈಡ್ ಒಳಗೆ ಎಳೆದುಕೊಂಡಾಗ ಟಾಯ್ಲೆಟ್‌ಗೆ ಹೋಗಲು ಆಗುತ್ತದಾ? ಫ್ರಿಜ್ ಬಾಗಿಲು ತೆಗೆಯಲು ಬರುತ್ತದಾ? ದಾರಿ ಮಧ್ಯೆ ಮೊಸರನ್ನ ಕಲಸಿಕೊಡಬೇಕು ಅಂದಾಗ ಫ್ರಿಜ್ ತೆಗೆಯಲು ಆಗದಿದ್ದರೆ ಏನು ಪ್ರಯೋಜನ?

ಅಡುಗೆ ಮನೆ ನೋಡಲು ಹೋಗುವಾಗ ನಾವು ಮನೆಯ ಐದು ಲೀಟರ್ ಕುಕ್ಕರ್ ಮತ್ತು ದೋಸೆ ಕಾವಲಿ ತೆಗೆದುಕೊಂಡು ಹೋಗಿದ್ದೆವು. ಇದು ಎಲ್ಲರಿಗೂ ನಾನು ಹೇಳುವ ಸಲಹೆ. ಸ್ಟೌ ಮೇಲೆಯೇ ಮೈಕ್ರೋವೇವ್ ಕೂಡಿಸಿರುತ್ತಾರೆ, ಕುಕ್ಕರ್ ಇಟ್ಟರೆ ಸೀಟಿ ಏಳುವುದಕ್ಕೆ ಜಾಗ ಇದೆಯಾ ನೋಡಬೇಕು. ಮೂರು ಬರ್ನರ್ ಅಂತ ಹೇಳುತ್ತಾರೆ, ಕಾವಲಿ ಇಟ್ಟರೆ ಪಕ್ಕದ ಬರ್ನರ್ ಮುಚ್ಚಿಹೋಗುತ್ತದೆ. ಮುಖ್ಯವಾಗಿ ಚಿಮಣಿ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದಾ, ಇಲ್ಲಾ ಫಿಲ್ಟರ್ ದಾಟಿಸಿ ಒಳಗೇ ಬಿಡುತ್ತದಾ? ಗಾಡಿಯ ಹೊರಗೋಡೆಯಲ್ಲಿ ಅದರ ಮುಚ್ಚಳ ಇದೆಯಾ ಅಂತ ನೋಡಿದರೆ ತಿಳಿಯುತ್ತದೆ. ಒಣಮೆಣಸಿನಕಾಯಿ ಒಗ್ಗರಣೆ ಘಾಟು ಆ ಚಿಕ್ಕ ಜಾಗದಲ್ಲಿ ನಿಂತರೆ ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಬೇಕು. ಚಾವಣಿಯ 14 ಇಂಚಿನ ತೂತಿಗೆ ಜೋರಾದ ಫ್ಯಾನ್ ಆಮೇಲೆ ಹಾಕಿಸಬಹುದು, ನಾವೂ ಹಾಕಿಸಿದೆವು. ಕೊಟ್ಟ ದುಡ್ಡಿಗೆ ಅಷ್ಟು ಸುಖ ಕೊಟ್ಟದ್ದು ಇನ್ನೊಂದಿಲ್ಲ.

ಕರೆಂಟ್ ವಿಷಯ ಜಾಸ್ತಿ ಎಳೆಯುವುದಿಲ್ಲ. 30 ಆಂಪ್ ಗಾಡಿ ಅಂದರೆ 120 ವೋಲ್ಟ್‌ನಲ್ಲಿ 3,600 ವ್ಯಾಟ್. ಏಸಿ, ಮೈಕ್ರೋವೇವ್, ನೀರು ಕಾಯಿಸುವ ಹೀಟರ್ ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಒಂದು ಏಸಿಯ ಗಾಡಿಗೆ ಇಷ್ಟು ಸಾಕು, ಒಂದಾದ ಮೇಲೊಂದು ಹಾಕುವುದು ಅಭ್ಯಾಸವಾಗುತ್ತದೆ. ಹಳೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಇಲ್ಲವಾದರೆ ಬೇಗ ಹಾಳಾಗುತ್ತದೆ. ನಾವು ಲಿಥಿಯಂಗೆ ಬದಲಿಸಿದೆವು, ಅದಕ್ಕೆ ಹೊಂದುವ ಚಾರ್ಜರ್ ಕೂಡ ಹಾಕಿಸಬೇಕಾಯಿತು. ಹೀಟರ್ ಇಲ್ಲದ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು, ಚಳಿ ಊರಿನವರು ಗಮನಿಸಿ. ಪ್ರೊಪೇನ್‌ನಲ್ಲಿ ಓಡುವ ಹಳೆ ಬಗೆಯ ಫ್ರಿಜ್ ಗಾಡಿ ಸಮವಾಗಿ ನಿಂತರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ, ಆಗಸ್ಟ್ ಬಿಸಿಲಿನಲ್ಲಿ ಅದಕ್ಕೆ ಸುಸ್ತು. ಹೊಸ ಗಾಡಿಯಲ್ಲಿ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಇದ್ದರೆ ನಾನು ಅದನ್ನೇ ಆರಿಸುತ್ತೇನೆ.

ಜನರೇಟರ್ ಮಾತ್ರ ಗಾಡಿಯೊಂದಿಗೇ ಬಂದಿರಲಿ. ಫೆಬ್ರವರಿ 2021ರ ಹಿಮಗಾಳಿಯಲ್ಲಿ ಟೆಕ್ಸಾಸ್‌ನ ಕರೆಂಟ್ ಹೋದಾಗ ಮನೆಯ ಹೀಟರ್ ನಿಂತಿತು, ನಲ್ಲಿಯೂ ನಿಂತಿತು. ನಾವು ಗಾಡಿಯೊಳಗೆ ಹೋಗಿ ಇದ್ದೆವು. ಪ್ರೊಪೇನ್ ಫರ್ನೆಸ್ ಇತ್ತು, ಆದರೆ ಅದರ ಫ್ಯಾನ್ ತಿರುಗಲು ಬ್ಯಾಟರಿ ಬೇಕು, ಬ್ಯಾಟರಿ ತುಂಬಲು ಜನರೇಟರ್ ಬೇಕು. ಅದು ಗಾಡಿಯ ಪೆಟ್ರೋಲ್ ಟ್ಯಾಂಕ್‌ನಿಂದಲೇ ಕುಡಿಯುತ್ತದೆ, ಸುಮಾರು ಕಾಲು ಟ್ಯಾಂಕ್ ಉಳಿದಾಗ ತಾನೇ ನಿಲ್ಲುತ್ತದೆ. ಆಗ ಓಡಿಸಿಕೊಂಡು ಹೋಗಲು ಪೆಟ್ರೋಲ್ ಉಳಿದಿರುತ್ತದೆ. ನಮ್ಮ 55 ಗ್ಯಾಲನ್ ಟ್ಯಾಂಕ್ ತುಂಬಿತ್ತು, ಬೆಚ್ಚಗಿದ್ದೆವು. ಅದೇ ವಾರ ಟೆಕ್ಸಾಸ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿ ಜನ ಸತ್ತರು. ಅದಕ್ಕೇ ಹೇಳುತ್ತೇನೆ, ಮಾನಾಕ್ಸೈಡ್ ಅಲಾರಂ ಮತ್ತು ಗ್ಯಾಸ್ ಅಲಾರಂ ಎರಡನ್ನೂ ಒತ್ತಿ ನೋಡಿ, ಹಿಂದೆ ಬರೆದಿರುವ ತಾರೀಕು ಓದಿ. ಇವಕ್ಕೆ ಆಯಸ್ಸಿದೆ, ಮುಗಿದಿದ್ದರೆ ಬೇರೆಯದು ಹಾಕಿಸಿ. ಇದರಲ್ಲಿ ಚೌಕಾಸಿ ಬೇಡ.

ಕೊನೆಗೆ ಚಾವಣಿ. ಆರ್‌ವಿಯನ್ನು ಕೊಲ್ಲುವುದು ಎಂಜಿನ್ ಅಲ್ಲ, ನೀರು ಸೋರಿಕೆ. ನಮ್ಮ ಗಾಡಿಯಲ್ಲಿ ಎರಡನೇ ಮಳೆಗಾಲಕ್ಕೇ ಡ್ರೈವರ್ ಮೇಲಿನ ಅಟ್ಟದ ಮೂಲೆ ತೇವ ಆಯಿತು. ಆ ಮುಂದಿನ ಮೂಲೆಗಳು ಕ್ಲಾಸ್ ಸಿ ಗಾಡಿಗಳ ದುರ್ಬಲ ಜಾಗ. ಬೇಗ ಕಂಡಿತು, ಸೀಲಂಟ್ ಕೆರೆದು ಹೊಸದಾಗಿ ಹಾಕಿಸಿದೆವು, ಆದರೂ ರಿಪೇರಿ ಅಂಗಡಿಯವರು ವಾರಗಟ್ಟಲೆ ಕಾಯಿಸಿದರು. ಗಾಡಿ ನೋಡುವಾಗ ಏಣಿ ಹಾಕಿ ಮೇಲೆ ಹತ್ತಿ. ಕಿಟಕಿ ಮೂಲೆ, ಏಸಿ ಸುತ್ತ, ಫ್ಯಾನ್ ಸುತ್ತ ಬಿರುಕಿದೆಯಾ ನೋಡಿ. ಒಳಗೆ ಗೋಡೆಯನ್ನು ಬೆರಳಿಂದ ಒತ್ತಿ, ಮೆತ್ತಗೆ ಅನ್ನಿಸಿದರೆ ಬಿಟ್ಟು ಬನ್ನಿ. ಟೈರ್‌ನ ಪಕ್ಕದಲ್ಲಿ DOT ಅಂತ ಶುರುವಾಗುವ ನಂಬರಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರದ ಟೈರ್. ಆರ್‌ವಿ ಟೈರ್ ಸವೆಯುವ ಮೊದಲೇ ವಯಸ್ಸಾಗಿ ಸಿಡಿಯುತ್ತದೆ, ಗ್ರಿಪ್ ಚೆನ್ನಾಗಿದೆ ಅನ್ನುವ ಮಾತು ನಂಬಬೇಡಿ.

ಮೈಲೇಜ್ ಗ್ಯಾಲನ್‌ಗೆ 8ರಿಂದ 9 ಮೈಲಿ, ಅಂದರೆ ಲೀಟರಿಗೆ ಮೂರೂವರೆ ಕಿಲೋಮೀಟರ್ ಆಸುಪಾಸು. ಹೋಟೆಲ್‌ಗಿಂತ ಅಗ್ಗ ಅನ್ನುವ ಲೆಕ್ಕದಲ್ಲಿ ಕೊಳ್ಳಬೇಡಿ, ಅದು ಕೂಡಿಬರುವುದಿಲ್ಲ. ಮಾವನವರ ಬಿಪಿ ಊಟ, ಮಕ್ಕಳ ನಿದ್ದೆ, ನಮ್ಮದೇ ಟಾಯ್ಲೆಟ್ ಜೊತೆಯಲ್ಲಿ ಇರಬೇಕು ಅಂದರೆ ಕೊಳ್ಳಿ.

ನೋಡಲು ಹೋಗುವ ಹಿಂದಿನ ದಿನ ಮಾರುವವರಿಗೆ ಫೋನ್ ಮಾಡಿ, ಫ್ರಿಜ್ ಆನ್ ಮಾಡಿಡಿ, ಟ್ಯಾಂಕ್‌ಗೆ ನೀರು ತುಂಬಿಸಿಡಿ, ಪ್ರೊಪೇನ್ ಇರಲಿ ಅಂತ ಹೇಳಿ. ಎಲ್ಲ ಬರ್ನರ್, ಎಲ್ಲ ನಲ್ಲಿ, ಫರ್ನೆಸ್, ಏಸಿ, ಜನರೇಟರ್ ಮೇಲೆ ಏಸಿ, ಒಂದೊಂದಾಗಿ ಓಡಿಸಿ. ಅರ್ಧ ದಿನ ಹಿಡಿಯುತ್ತದೆ. "ಅದೆಲ್ಲ ಕೆಲಸ ಮಾಡುತ್ತೆ, ನನ್ನ ಮಾತು ನಂಬಿ" ಅಂದರೆ ಅಲ್ಲಿಂದ ಹೊರಡಿ. ನಾವು ಮೊದಲು ಮೆಚ್ಚಿದ ಗಾಡಿಯನ್ನು ಹಾಗೇ ಬಿಟ್ಟು ಬಂದೆವು, ಈಗಿರುವುದನ್ನು ಮಾರಿದವರು ನಾವು ಹೋಗುವಷ್ಟರಲ್ಲಿ ಫ್ರಿಜ್‌ನಲ್ಲಿ ಐಸ್ ಕಟ್ಟಿಸಿ ಇಟ್ಟಿದ್ದರು.