ಕಿಟಕಿ ಪಕ್ಕಕ್ಕೆ ಯಾವ ಹೂಗಿಡ ಒಳ್ಳೇದು: ವಯೊಲೆಟ್ಟಾ, ಕಲಾಂಚೊನಾ, ಮಿನಿ ರೋಸಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಆಫ್ರಿಕನ್ ವಯೊಲೆಟ್‌ಗೆ. ಮೂರನ್ನೂ ಪೂರ್ವದ ಕಡೆ ಇರೋ ಒಂದೇ ಕಿಟಕೀಲಿ ಇಟ್ಟು ನೋಡಿದೀನಿ, ತಿಂಗಳುಗಟ್ಲೆ ಬಿಡದೆ ಹೂ ಕೊಟ್ಟಿದ್ದು ಇದೊಂದೇ.

ಮಿನಿ ರೋಸ್ ಮನೆಯೊಳಗೆ ಬೇಡ. ದಿನಕ್ಕೆ 6 ಗಂಟೆ ಬಿಸಿಲು ಕೇಳತ್ತೆ, ಒಳಗಿನ ಒಣಹವೆಗೆ ಎಲೆ ಅಡಿ ನುಸಿ ಹತ್ತಿ ಸಣ್ಣ ಬಲೆ ಕಟ್ಟತ್ತೆ, ಎಷ್ಟು ತೊಳೆದ್ರೂ ವಾಪಸ್ ಬಂತು. ಈಗ ಬಾಲ್ಕನೀಲಿ ಆರಾಮಾಗಿದೆ.

ಕಲಾಂಚೊ ಪಾಪದ ಗಿಡ, ದಪ್ಪ ಎಲೇಲಿ ನೀರಿಟ್ಕೊಂಡಿರತ್ತೆ, ಎರಡು ವಾರ ಮರೆತ್ರೂ ಏನಾಗಲ್ಲ. ಆದ್ರೆ ಒಂದ್ಸಲ ಹೂ ಮುಗೀತು ಅಂದ್ರೆ ಮತ್ತೆ ಮೊಗ್ಗು ಬರೋಕೆ ಸುಮಾರು 6 ವಾರ ದಿನಾ 14 ಗಂಟೆ ಪೂರ್ತಿ ಕತ್ತಲೆ ಬೇಕು. ನಮ್ಮನೇಲಿ ರಾತ್ರಿ 11ರವರೆಗೂ ಲೈಟು ಉರೀತಿರತ್ತೆ, ಹಾಗಾಗಿ ಸಂಜೆ 5ಕ್ಕೆ ರಟ್ಟಿನ ಡಬ್ಬ ಮುಚ್ಚಿ ಬೆಳಿಗ್ಗೆ 7ಕ್ಕೆ ತೆಗೀಬೇಕು. ಒಂದ್ಸಲ ಮಾಡಿದೆ, ಹೂವೂ ಬಂತು, ಪ್ರತಿ ವರ್ಷ ನನ್ನಿಂದಾಗಲ್ಲ.

ಇನ್ನು ವಯೊಲೆಟ್. ಇದ್ರ ತಕರಾರೆಲ್ಲ ನೀರಿಂದು. ಮೊದಲ್ನೇ ಗಿಡಕ್ಕೆ ನಲ್ಲಿಯ ತಣ್ಣೀರು ಮೇಲಿಂದ ಹಾಕ್ತಿದ್ದೆ, ಎಲೆ ಮೇಲೆ ಬಿಳಚಿಕೊಂಡ ಉಂಗುರದಂಥ ಕಲೆ ಬಿತ್ತು. ಫಂಗಸ್ ಅಂದ್ಕೊಂಡು ಔಷಧಿ ಹೊಡೆದೆ, ಕಲೆ ಇನ್ನೂ ಜಾಸ್ತಿ ಆಯ್ತು. ಆಮೇಲೆ ಗೊತ್ತಾಗಿದ್ದು, ಬೆಚ್ಚಗಿರೋ ಎಲೆ ಮೇಲೆ ತಣ್ಣೀರು ಬಿದ್ರೆ ಒಳಗಿನ ಹಸಿರು ಜೀವಕೋಶನೇ ಹಾಳಾಗತ್ತೆ, ಆ ಕಲೆ ಮತ್ತೆ ಹೋಗಲ್ಲ ಅಂತ.

ಅಷ್ಟರಲ್ಲಿ ನಡುವಿನ ಸುಳೀಲಿ ನೀರು ನಿಂತಿತ್ತು. ಎಲೆ ಜೋತು ಬಿದ್ದಿದ್ವು, ಬಾಯಾರಿದೆ ಅಂತ ಇನ್ನಷ್ಟು ನೀರು ಹಾಕ್ಬಿಟ್ಟೆ. ನಾಲ್ಕು ದಿನ ಬಿಟ್ಟು ಮುಟ್ಟಿದ್ರೆ ಇಡೀ ಗಿಡ ಕೈಗೇ ಬಂತು, ಕತ್ತು ಕಂದಾಗಿ ಮೆತ್ತಗಾಗಿತ್ತು, ಬೇರು ಮಾತ್ರ ಪಾಟಲ್ಲೇ ಉಳೀತು. ತುಂಬಾ ಬೇಜಾರಾಯ್ತು.

ಈಗ ಬತ್ತಿ ಪದ್ಧತಿ. ನೈಲಾನ್ ದಾರವನ್ನ ಪಾಟಿನ ಅಡಿ ತೂತಿಂದ ಇಳಿಬಿಟ್ಟು ಕೆಳಗಿನ ಡಬ್ಬದ ನೀರಲ್ಲಿ ಮುಳುಗ್ಸಿದೀನಿ, ಬೇಕಾದಷ್ಟು ಅದೇ ಎಳ್ಕೊಳತ್ತೆ (ಹತ್ತಿ ದಾರ ಬೇಡ, ಕೊಳೆಯತ್ತೆ). ತೋಟದ ಮಣ್ಣಿಗೆ ಬತ್ತಿ ಹಾಕಿದ್ರೆ ಕೆಸರಾಗತ್ತೆ, ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಇರ್ಲಿ. ತಿಂಗಳಿಗೊಂದ್ಸಲ ಮಾತ್ರ ಉಗುರುಬೆಚ್ಚಗಿನ ನೀರನ್ನ ಎಲೆಗೆ ತಾಗದ ಹಾಗೆ ಮಣ್ಣಿಗೆ ಹುಯ್ದು ಅದರಲ್ಲಿ ಕೂತಿರೋ ಉಪ್ಪಿನಂಶ ತೊಳೀತೀನಿ. ಟಾಂಜಾನಿಯಾದ ಉಸಂಬಾರ ಬೆಟ್ಟಗಳಲ್ಲಿ ಪಾಚಿ ಬಂಡೆ ಮೇಲೆ ನೆರಳಲ್ಲಿ ಬೆಳೆಯೋ ಜಾತಿ ಇದು, ಬೇರಿಗೆ ತೇವಾನೂ ಬೇಕು ಗಾಳೀನೂ ಬೇಕು.

ಪಾಟು ಚಿಕ್ಕದೇ ಇರ್ಲಿ, ಗಿಡದ ಅಗಲದ ಮೂರನೇ ಒಂದು ಪಾಲು ಸಾಕು.

ದುಡ್ಡಿನ ಲೆಕ್ಕದಲ್ಲೂ ಇದೇ ವಾಸಿ. ಸತ್ತ ಗಿಡದ ಒಂದು ಒಳ್ಳೇ ಎಲೇನ ಒಂದಿಂಚು ತೊಟ್ಟಿನ ಸಮೇತ ಓರೆಯಾಗಿ ಕತ್ತರಿಸಿ ಪರ್ಲೈಟಲ್ಲಿ ಚುಚ್ಚಿದ್ದೆ. ಮೂರು ತಿಂಗಳಿಗೆ ತೊಟ್ಟಿನ ಬುಡದಲ್ಲಿ ಇಲಿಕಿವಿಯಷ್ಟು ಎಲೆಗಳು ಎದ್ದವು. ಈಗ ನಾಲ್ಕು ಪಾಟಿದಾವೆ, ಅದ್ರಲ್ಲಿ ಎರಡು ಗಿಡ ಹೂ ಬಿಟ್ಟಿದೆ. ವಾರಗಟ್ಲೆ ಊರಲ್ಲಿರದೇ ಇರೋರು ಕಲಾಂಚೊ ತಗೊಳಿ, ಮನೇಲೇ ಇರೋರು ವಯೊಲೆಟ್ಟೇ ತಗೊಳಿ, ಮೊದಲ ದಿನವೇ ಬತ್ತಿ ಹಾಕ್ಬಿಡಿ.