ಸಿಂಕ್‌ಥಿಂಗ್: ಮನೆಯ ನೆಟ್‌ವರ್ಕ್‌ನಲ್ಲಿ ನಾಲ್ಕು ವರ್ಷ ಓಡಿಸಿದ ಮೇಲೆ

ಹಲವು ಯಂತ್ರಗಳಲ್ಲಿರುವ ಫೋಲ್ಡರ್‌ಗಳನ್ನು ಒಂದೇ ಥರ ಇಡುವ (ಸಿಂಕ್ ಮಾಡುವ) ತಂತ್ರಾಂಶವಾದ ಸಿಂಕ್‌ಥಿಂಗ್ ಹೊಸದನ್ನು ಎಷ್ಟು ನಿಷ್ಠೆಯಿಂದ ನಕಲು ಮಾಡುತ್ತದೋ ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಹಾಕಿಕೊಳ್ಳುವ ಮುಂಚೆ ಇದೊಂದು ಮಾತು ತಲೆಯಲ್ಲಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಫೋಟೊ ಫೋಲ್ಡರ್ ಡಿಲೀಟ್ ಆದರೆ, ಇನ್ನೂ ಕಾಫಿ ಮುಗಿಯುವ ಮೊದಲೇ ಮನೆಯ ಉಳಿದ ಯಂತ್ರಗಳಲ್ಲೂ ಅದು ಇರುವುದಿಲ್ಲ. ಹಾಗಾಗಿ ಇದನ್ನು ಬ್ಯಾಕಪ್ ಎಂದು ಕರೆಯುವುದು ತಪ್ಪು. ಆದರೆ ಬ್ಯಾಕಪ್‌ಗೆ ಬೇಕಾದ ಫೈಲ್‌ಗಳನ್ನು ತಾನಾಗಿಯೇ ಒಂದು ಕಡೆ ತಂದು ಸೇರಿಸಲು ಇದಕ್ಕಿಂತ ಒಳ್ಳೆಯ ಉಚಿತ ತಂತ್ರಾಂಶ ಇನ್ನೂ ಸಿಕ್ಕಿಲ್ಲ.

ಈ ವಿಮರ್ಶೆಯ ಹಿಂದಿರುವ ಸೆಟಪ್ ಇಷ್ಟು: 4 ಜಿಬಿ ರ‍್ಯಾಮ್ ಇರುವ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಅದಕ್ಕೆ ಯುಎಸ್‌ಬಿ 3 ಪೋರ್ಟ್‌ನಲ್ಲಿ 2 ಟಿಬಿಯ ಪೋರ್ಟಬಲ್ ಡಿಸ್ಕ್, ರೌಟರ್‌ಗೆ ಕೇಬಲ್. ವಿಂಡೋಸ್ ಲ್ಯಾಪ್‌ಟಾಪ್ ಎರಡು, ಲಿನಕ್ಸ್ ಡೆಸ್ಕ್‌ಟಾಪ್ ಒಂದು, ಆಂಡ್ರಾಯ್ಡ್ ಫೋನ್ ಎರಡು. ಪೈ ಹಗಲೂ ರಾತ್ರಿ ಆನ್ ಇರುವುದರಿಂದ ಎರಡು ಲ್ಯಾಪ್‌ಟಾಪ್‌ಗಳು ಒಂದೇ ಹೊತ್ತಿಗೆ ತೆರೆದಿರಬೇಕೆಂದಿಲ್ಲ. ಬೆಳಿಗ್ಗೆ ಒಂದರಲ್ಲಿ ಬರೆದದ್ದು ಸಂಜೆ ಇನ್ನೊಂದಕ್ಕೆ ಪೈ ಮೂಲಕ ಬರುತ್ತದೆ.

2013ರಲ್ಲಿ ಜೇಕಬ್ ಬೋರ್ಗ್ ಶುರು ಮಾಡಿದ ಈ ತಂತ್ರಾಂಶದಲ್ಲಿ ಫೈಲ್ ಇಟ್ಟುಕೊಳ್ಳುವ ಮಧ್ಯದ ಸರ್ವರ್ ಎಂಬುದಿಲ್ಲ. ಪ್ರತಿ ಯಂತ್ರಕ್ಕೂ 56 ಅಕ್ಷರಗಳ ಗುರುತು ಇರುತ್ತದೆ. ಎರಡೂ ಕಡೆಯವರು ಪರಸ್ಪರ ಒಪ್ಪಿದರೆ ಮಾತ್ರ ಜೋಡಣೆ. ಒಂದೇ ಮನೆಯ ನೆಟ್‌ವರ್ಕ್‌ನಲ್ಲಿದ್ದರೆ ಆ ಉದ್ದದ ಗುರುತನ್ನು ಟೈಪ್ ಮಾಡಬೇಕಿಲ್ಲ, ಪಕ್ಕದ ಯಂತ್ರ ಪಟ್ಟಿಯಲ್ಲಿ ತಾನೇ ಕಾಣಿಸುತ್ತದೆ. ಫೋನ್‌ಗಾದರೆ ಕ್ಯೂಆರ್ ಕೋಡ್.

ಕಾಣಿಸದಿದ್ದರೆ ಮೊದಲು ನೋಡಬೇಕಾದ್ದು ವಿಂಡೋಸ್‌ನ ನೆಟ್‌ವರ್ಕ್ ಪ್ರೊಫೈಲ್. ವೈಫೈ ‘ಪಬ್ಲಿಕ್’ ಎಂದಿದ್ದರೆ ಫೈರ್‌ವಾಲ್, ಯಂತ್ರಗಳು ಒಂದನ್ನೊಂದು ಹುಡುಕುವ ಯುಡಿಪಿ 21027 ಮತ್ತು ದತ್ತಾಂಶ ಹೋಗುವ 22000, ಈ ಎರಡೂ ಪೋರ್ಟ್‌ಗಳನ್ನು ತಡೆಯಬಹುದು. ಆಗ ಸಿಂಕ್‌ಥಿಂಗ್ ಸುಮ್ಮನೆ ಕೂರುವುದಿಲ್ಲ, ನಡುವೆ ನಿಂತು ಡೇಟಾ ದಾಟಿಸುವ, ಇಂಟರ್ನೆಟ್‌ನಲ್ಲಿರುವ ರಿಲೇ ಸರ್ವರ್ ಹಿಡಿದು ಕೆಲಸ ಸಾಗಿಸುತ್ತದೆ. ಒಂದೇ ಕೋಣೆಯ ಎರಡು ಯಂತ್ರಗಳ ನಡುವಿನ ಫೈಲ್ ಎನ್‌ಕ್ರಿಪ್ಟ್ ಆಗಿ ಊರೆಲ್ಲ ಸುತ್ತಿ ಬರುತ್ತದೆ. ಡೇಟಾ ಸುರಕ್ಷಿತವೇ, ವೇಗ ಮಾತ್ರ ಎತ್ತಿನ ಗಾಡಿಯದು. ಡಿವೈಸ್ ವಿವರದಲ್ಲಿ ಸಂಪರ್ಕದ ಬಗೆ ‘ರಿಲೇ’ ಎಂದು ಕಂಡರೆ ಕಾರಣ ಇದೇ, ಇಲ್ಲವೇ ರೌಟರ್‌ನ ಗೆಸ್ಟ್ ವೈಫೈ. ಮನೆಯಾಚೆ ಸಿಂಕ್ ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಗ್ಲೋಬಲ್ ಡಿಸ್ಕವರಿ (ಇಂಟರ್ನೆಟ್ ಮೂಲಕ ಯಂತ್ರ ಹುಡುಕುವುದು), ರಿಲೇ ಎರಡನ್ನೂ ಆಫ್ ಮಾಡಿಬಿಡಿ. ಮನೆಯೊಳಗಿನ ನೇರ ಸಂಪರ್ಕದಲ್ಲಿ ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ.

ಫೋಲ್ಡರ್‌ನ ಬಗೆ ಆರಿಸುವಾಗ ಹೆಚ್ಚಿನವರು ಎಡವುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ‘ಸೆಂಡ್ ಅಂಡ್ ರಿಸೀವ್’, ಫೋನಿನ ಕ್ಯಾಮೆರಾ ಫೋಲ್ಡರ್‌ಗೆ ‘ಸೆಂಡ್ ಓನ್ಲಿ’, ಪೈಯಲ್ಲಿ ‘ರಿಸೀವ್ ಓನ್ಲಿ’. ಇಷ್ಟು ಸರಿ. ಆದರೆ ರಿಸೀವ್ ಓನ್ಲಿ ಎಂದರೆ ಅಳಿಸುವಿಕೆಯಿಂದ ರಕ್ಷಣೆ ಎಂದು ತಿಳಿಯಬೇಡಿ. ಬೇರೆ ಕಡೆ ಅಳಿಸಿದ್ದು ಇಲ್ಲೂ ಅಳಿಯುತ್ತದೆ. ರಕ್ಷಣೆ ಕೊಡುವುದು ಫೈಲ್ ವರ್ಷನಿಂಗ್, ಅಂದರೆ ಬದಲಾದ, ಅಳಿಸಿದ ಫೈಲ್‌ನ ಹಳೆಯ ಪ್ರತಿ ಉಳಿಸುವುದು. ಅದನ್ನು ಪೈಯಲ್ಲಿ ‘ಸ್ಟ್ಯಾಗರ್ಡ್’ಗೆ ಇಡಿ. ಮೊದಲ ಒಂದು ಗಂಟೆಯಲ್ಲಿ 30 ಸೆಕೆಂಡಿಗೊಂದು, ಮೊದಲ ದಿನ ಗಂಟೆಗೊಂದು, 30 ದಿನದವರೆಗೆ ದಿನಕ್ಕೊಂದು, ಆಮೇಲೆ ವಾರಕ್ಕೊಂದು ಹಳೆಯ ಪ್ರತಿ ಉಳಿಯುತ್ತದೆ. ಡೀಫಾಲ್ಟ್ ಗಡುವು 365 ದಿನ.

ಇಲ್ಲೊಂದು ಸೂಕ್ಷ್ಮವಿದೆ. ವರ್ಷನಿಂಗ್ ಆನ್ ಮಾಡಿದ ಯಂತ್ರ, ಬೇರೆ ಯಂತ್ರದಿಂದ ಬಂದ ಬದಲಾವಣೆಗೆ ಮಾತ್ರ ಹಳೆಯ ಪ್ರತಿ ಇಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ವರ್ಷನಿಂಗ್ ಹಾಕಿ ಅದೇ ಲ್ಯಾಪ್‌ಟಾಪ್‌ನಲ್ಲಿ ಫೈಲ್ ಅಳಿಸಿದರೆ ಅಲ್ಲಿ ಏನೂ ಉಳಿಯುವುದಿಲ್ಲ. ‘ಆನ್ ಮಾಡಿದ್ದೆ, ಕೆಲಸ ಮಾಡಲಿಲ್ಲ’ ಎನ್ನುವ ದೂರುಗಳ ಮೂಲ ಬಹುಪಾಲು ಇದೇ.

ಕರೆಂಟ್ ಹೋಗಿ ಬರುವ ಮನೆಗಳಿಗೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಎರಡು ಸಲ ಓದಿ. ಕರೆಂಟ್ ಬಂದ ಮೇಲೆ ಪೈ ಎದ್ದರೂ ಡಿಸ್ಕ್ ಮೌಂಟ್ ಆಗದೆ, ಅಂದರೆ ತನ್ನ ಜಾಗಕ್ಕೆ ಜೋಡಣೆಯಾಗದೆ, ಉಳಿಯುವುದುಂಟು. ಆಗ ಆ ಜಾಗದಲ್ಲಿ ಕಾಣುವುದು ಎಸ್‌ಡಿ ಕಾರ್ಡ್‌ನ ಖಾಲಿ ಫೋಲ್ಡರ್. ಎಲ್ಲ ಫೈಲ್ ಅಳಿಸಿಹೋಗಿದೆ ಎಂದು ಸಿಂಕ್‌ಥಿಂಗ್ ಭಾವಿಸದಿರಲು ಪ್ರತಿ ಫೋಲ್ಡರ್‌ನೊಳಗೆ ‘ಎಸ್‌ಟಿಫೋಲ್ಡರ್’ ಎಂಬ ಅಡಗಿದ ಗುರುತೊಂದಿರುತ್ತದೆ. ಅದು ಕಾಣದಿದ್ದರೆ ‘ಫೋಲ್ಡರ್ ಮಾರ್ಕರ್ ಮಿಸ್ಸಿಂಗ್’ ಎಂದು ಕೆಂಪು ತೋರಿಸಿ ಆ ಫೋಲ್ಡರ್‌ನ ಸಿಂಕ್ ನಿಲ್ಲಿಸುತ್ತದೆ. ಇದು ದೋಷವಲ್ಲ, ನಿಮ್ಮ ಫೈಲ್‌ಗಳನ್ನು ಕಾಯುತ್ತಿರುವ ಬೇಲಿ. ‘ಆ ಹೆಸರಿನ ಫೋಲ್ಡರ್ ಕೈಯಾರೆ ಮಾಡಿ, ಸರಿಹೋಗುತ್ತದೆ’ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಸೆಂಡ್ ಅಂಡ್ ರಿಸೀವ್ ಫೋಲ್ಡರ್‌ನಲ್ಲಿ ಹಾಗೆ ಮಾಡಿದರೆ ಖಾಲಿ ಜಾಗವೇ ನಿಜವೆಂದಾಗಿ, ಅಳಿಸುವ ಸುದ್ದಿ ಎಲ್ಲ ಯಂತ್ರಗಳಿಗೂ ಹೋಗುತ್ತದೆ. ಮೊದಲು ಡಿಸ್ಕ್ ಮೌಂಟ್ ಆಗಿದೆಯೇ ನೋಡಿ.

ಡಿಸ್ಕ್ ಹೀಗೆ ಕೈಕೊಡುವುದಕ್ಕೆ ವಿದ್ಯುತ್ತಿನ ಕೊರತೆಯೂ ಕಾರಣವಾಗುತ್ತದೆ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು 1.2 ಆಂಪಿಯರ್. ತಿರುಗುವ ಡಿಸ್ಕ್ ಒಂದಾದರೆ ನಡೆಯುತ್ತದೆ, ಎರಡನೆಯದಕ್ಕೆ ಸ್ವಂತ ಅಡಾಪ್ಟರ್ ಇರುವ ಹಬ್ ಬೇಕೇ ಬೇಕು. ಫೋನಿನ ಚಾರ್ಜರ್ ಬಿಟ್ಟು 5.1 ವೋಲ್ಟ್, 3 ಆಂಪಿಯರ್‌ನ ಪೈ ಅಡಾಪ್ಟರನ್ನೇ ಇನ್ವರ್ಟರ್ ಲೈನ್‌ನ ಪ್ಲಗ್‌ಗೆ ಹಾಕಿ. ಡಿಸ್ಕನ್ನು ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಎಕ್ಸ್ಟ್ 4ಗೆ ಫಾರ್ಮ್ಯಾಟ್ ಮಾಡಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಬೇರೆಯವರಿಗಿಲ್ಲದ ತಾಪತ್ರಯವೊಂದಿದೆ. ಎಕ್ಸ್ಟ್ 4ರಲ್ಲಿ ಹೆಸರಿನ ಮಿತಿ 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಕ’ಕ್ಕೆ ಮೂರು, ‘ಕ್ಷ’ಕ್ಕೆ ಒಂಬತ್ತು! ಅಂದರೆ 85 ಚಿಹ್ನೆಗೆ ಮಿತಿ ಮುಗಿಯಿತು, ಕಣ್ಣಿಗೆ ಕಾಣುವ ಅಕ್ಷರ ಇನ್ನೂ ಕಡಿಮೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಲೆಕ್ಕ ಹಾಕದೆ 255 ಚಿಹ್ನೆ ಬಿಡುವುದರಿಂದ ಅಲ್ಲಿ ಸಲೀಸಾಗಿ ಸೇವ್ ಆದ ಉದ್ದ ತಲೆಬರಹದ ಲೇಖನ ಪೈಗೆ ಬರುವಾಗ ‘ಫೈಲ್ ನೇಮ್ ಟೂ ಲಾಂಗ್’ ಎಂದು ನಿಲ್ಲುತ್ತದೆ. ಹಳೆಯ ಪ್ರತಿಗೆ ಸಿಂಕ್‌ಥಿಂಗ್ ತಾನೇ ದಿನಾಂಕ, ಸಮಯ ಅಂಟಿಸುವುದರಿಂದ ಹೆಸರು 60 ಚಿಹ್ನೆ ಮೀರದಿರಲಿ. ತಿರುಗುಮುರುಗಾಗಿ, ಲಿನಕ್ಸ್‌ನಲ್ಲಿ ‘ಭಾಗ 1: ಮುನ್ನುಡಿ’ ಎಂದಿಟ್ಟರೆ ವಿಂಡೋಸ್ ಆ ಕೋಲನ್ನನ್ನು ಒಪ್ಪುವುದಿಲ್ಲ. ಇನ್ನು ‘ೀ’, ‘ೇ’, ‘ೋ’ದಂಥ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಹೆಸರು. ಹೆಸರನ್ನು ಒಂದೇ ರೂಪಕ್ಕೆ ತರುವ ಸಿಂಕ್‌ಥಿಂಗ್‌ನ ಆಟೋ ನಾರ್ಮಲೈಸ್ ಡೀಫಾಲ್ಟ್ ಆಗಿ ಆನ್ ಇದ್ದು ಇದನ್ನು ಸರಿಪಡಿಸುತ್ತದೆ, ಅದನ್ನು ಮುಟ್ಟಬೇಡಿ.

ವೇಗದ ವಿಷಯ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ 110 ಎಂಬಿ ಸಾಗಬಹುದು. ರೌಟರ್‌ನ ಪೋರ್ಟ್ 100 ಎಂಬಿಪಿಎಸ್‌ನದಾದರೆ, ಅಥವಾ ಕೇಬಲ್‌ನಲ್ಲಿ ನಾಲ್ಕು ಜೋಡಿಯ ಬದಲು ಎರಡೇ ಜೋಡಿ ತಂತಿ ಕ್ರಿಂಪ್ ಆಗಿದ್ದರೆ 11 ಎಂಬಿ. ಆ ಲೆಕ್ಕದಲ್ಲಿ 1 ಟಿಬಿಗೆ ಒಂದು ದಿನ ಮೀರುತ್ತದೆ. ಇದರ ಮೇಲೆ ಪೈ 4ರ ಪ್ರೊಸೆಸರ್‌ನಲ್ಲಿ ಎನ್‌ಕ್ರಿಪ್ಶನ್‌ಗೆಂದೇ ಇರುವ ಸೂಚನೆಗಳಿಲ್ಲ, ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ನಿಧಾನ. ಪೈ 5ರಲ್ಲಿ ಆ ಕೊರತೆ ನೀಗಿದೆ. ಮೊದಲ ಸಲದ ದೊಡ್ಡ ಫೋಟೊ ಸಂಗ್ರಹವನ್ನು ನೆಟ್‌ವರ್ಕ್ ಮೇಲೆ ಕಳಿಸಬೇಡಿ. ಡಿಸ್ಕನ್ನು ನೇರ ಕಂಪ್ಯೂಟರ್‌ಗೆ ಚುಚ್ಚಿ ಕಾಪಿ ಮಾಡಿ, ಆಮೇಲೆ ಎರಡೂ ಕಡೆ ಒಂದೇ ಫೋಲ್ಡರ್ ಸೇರಿಸಿ. ಹ್ಯಾಶ್ ಹೋಲಿಸಿ ಹೊಂದಿಸಿಕೊಳ್ಳುತ್ತದೆ.

ಟ್ಯಾಲಿ ಡೇಟಾ, ಔಟ್‌ಲುಕ್‌ನ ಮೇಲ್ ಕೂಡಿಟ್ಟ ಪಿಎಸ್‌ಟಿ ಫೈಲ್ ಇಂಥವನ್ನು ತೆರೆದಿರುವಾಗ ಸಿಂಕ್ ಮಾಡಬಾರದು. ಒಟ್ಟಿಗೆ ಬದಲಾಗಬೇಕಾದ ಫೈಲ್‌ಗಳು ಬೇರೆ ಬೇರೆ ಕ್ಷಣದ ಸ್ಥಿತಿಯಲ್ಲಿ ಹೋಗಿ ಸೇರಿದರೆ ಆ ನಕಲು ತೆರೆಯದೇ ಹೋಗಬಹುದು. ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು ಆ ಬ್ಯಾಕಪ್ ಫೋಲ್ಡರನ್ನಷ್ಟೇ ಸೇರಿಸಿ. ಒಂದೇ ಕಡತವನ್ನು ಇಬ್ಬರು ತಿದ್ದಿದರೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಹೆಸರಿನ ಎರಡನೇ ಪ್ರತಿ ಬರುತ್ತದೆ, ಎರಡನ್ನೂ ಕೂಡಿಸುವ ಕೆಲಸ ನಿಮ್ಮದು.

ಆಂಡ್ರಾಯ್ಡ್‌ನ ಅಧಿಕೃತ ಆ್ಯಪ್ 2024ರ ಡಿಸೆಂಬರ್‌ಗೆ ನಿಂತಿತು. ಈಗ ಉಳಿದಿರುವುದು ಬೇರೆಯವರು ಮುಂದುವರಿಸಿದ ಸಿಂಕ್‌ಥಿಂಗ್-ಫೋರ್ಕ್. ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಅದನ್ನು ಹೊರಗಿಟ್ಟು, ‘ವೈಫೈ ಮತ್ತು ಚಾರ್ಜಿಂಗ್ ಇದ್ದಾಗ’ ಎಂದು ಹೊಂದಿಸಿದರೆ ಸಾಕು. ಈ ತಂತ್ರಾಂಶದ ಅತಿ ದುರ್ಬಲ ಕೊಂಡಿ ಫೋನೇ. ಅಂಕ ಕಡಿಮೆ ಮಾಡುವುದಾದರೆ ಇಲ್ಲಿಯೇ.

ಟಿವಿಯಲ್ಲಿ ವಿಡಿಯೊ ನೋಡಲು, ಜಾಗ ಕಡಿಮೆ ಇರುವ ಲ್ಯಾಪ್‌ಟಾಪ್‌ನಿಂದ ಫೈಲ್ ತೆರೆಯಲು ಪೈಯಲ್ಲಿ ಸಾಂಬಾ ಶೇರ್ (ನೆಟ್‌ವರ್ಕ್ ಮೂಲಕ ತೆರೆಯುವ ಹಂಚಿದ ಫೋಲ್ಡರ್) ಕೂಡ ಬೇಕಾಗುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಇಟ್ಟೇ ಮಾಡಿ. ವಿಂಡೋಸ್ 11 ಪ್ರೊನ 24ಎಚ್2 ಆವೃತ್ತಿಯಿಂದ ಎಸ್‌ಎಂಬಿ ಸೈನಿಂಗ್ (ಹಂಚಿದ ಫೋಲ್ಡರ್‌ನ ಸಂದೇಶಗಳಿಗೆ ಸಹಿ) ಡೀಫಾಲ್ಟ್ ಆಗಿ ಕಡ್ಡಾಯವಾಗಿ, ಪಾಸ್‌ವರ್ಡ್ ಇಲ್ಲದ ಹಳೆಯ ಶೇರ್‌ಗಳು ತೆರೆಯುತ್ತಿಲ್ಲ. ರಿಸೀವ್ ಓನ್ಲಿ ಫೋಲ್ಡರನ್ನು ಸಾಂಬಾದಲ್ಲಿ ಓದಲು ಮಾತ್ರ ಬಿಡಿ. ಅಲ್ಲಿ ಬರೆದದ್ದು ಬೇರೆ ಯಂತ್ರಗಳಿಗೆ ಹೋಗುವುದಿಲ್ಲ. ಅವಸರದಲ್ಲಿ ‘ರಿವರ್ಟ್ ಲೋಕಲ್ ಚೇಂಜಸ್’ ಒತ್ತಿದರೆ ಅದು ಹೋಯಿತು.

ನಿಜವಾದ ಬ್ಯಾಕಪ್‌ಗೆ ಎರಡನೇ ಡಿಸ್ಕ್‌ಗೆ ಪ್ರತಿ ರಾತ್ರಿ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಓಡಿಸಿ. 7 ದಿನ, 4 ವಾರ, 6 ತಿಂಗಳ ಪ್ರತಿ ಉಳಿಸಿಕೊಂಡರೆ ಮನೆಗೆ ಧಾರಾಳ. ಹಳೆಯ ಪ್ರತಿಗಳಿರುವ ಅಡಗಿದ ‘ಎಸ್‌ಟಿವರ್ಷನ್ಸ್’ ಫೋಲ್ಡರನ್ನು ಈ ಬ್ಯಾಕಪ್‌ನಿಂದ ಹೊರಗಿಡಿ, ಇಲ್ಲವಾದರೆ ಜಾಗ ವ್ಯರ್ಥ. ರೆಸ್ಟಿಕ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಅದು ಕಳೆದರೆ ಡಿಸ್ಕ್ ಇದ್ದೂ ಇಲ್ಲದಂತೆ. ತಿಂಗಳಿಗೊಮ್ಮೆ ಒಂದು ಫೋಲ್ಡರ್ ವಾಪಸ್ ತೆಗೆದು ತೆರೆದು ನೋಡಿ.

2025ರ ಆಗಸ್ಟ್‌ನಲ್ಲಿ ಬಂದ 2.0ರಲ್ಲಿ ಒಳಗಿನ ಡೇಟಾಬೇಸ್ ಎಸ್‌ಕ್ಯುಲೈಟ್‌ಗೆ ಬದಲಾಗಿದೆ. ಮೊದಲ ಸಲ ಶುರುವಾಗುವಾಗ ಪೈಯಂಥ ಯಂತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಹ್ಯಾಂಗ್ ಆಯಿತೆಂದು ಪ್ಲಗ್ ಕೀಳಬೇಡಿ. ಇನ್ನೊಂದು ಬದಲಾವಣೆಯೂ ಇದೆ: ಅಳಿಸಿದ ಫೈಲ್‌ಗಳ ನೆನಪನ್ನು ಈಗ 15 ತಿಂಗಳಷ್ಟೇ ಇಟ್ಟುಕೊಳ್ಳುತ್ತದೆ. ಎರಡು ವರ್ಷ ಅಟ್ಟದ ಮೇಲಿದ್ದ ಹಳೆಯ ಲ್ಯಾಪ್‌ಟಾಪನ್ನು ಹಾಗೆಯೇ ಆನ್ ಮಾಡಿದರೆ, ಎಂದೋ ಅಳಿಸಿದ ಫೈಲ್‌ಗಳೆಲ್ಲ ಮನೆತುಂಬ ಮತ್ತೆ ಹುಟ್ಟಿಕೊಳ್ಳಬಹುದು. ಅಂಥ ಯಂತ್ರವನ್ನು ವೈಫೈಗೆ ಸೇರಿಸುವ ಮುಂಚೆ ಅದರಲ್ಲಿರುವ ಹಳೆಯ ಫೋಲ್ಡರ್‌ಗಳನ್ನು ಸಿಂಕ್‌ಥಿಂಗ್‌ನಿಂದ ತೆಗೆದು, ಖಾಲಿ ಜಾಗಕ್ಕೆ ಹೊಸದಾಗಿ ಸೇರಿಸಿ.